ಸಿಗದ ಹುಡುಕಾಟಗಳ ಪಟ್ಟಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಹಾಬಾದಿನಲ್ಲಿ ಕುಳಿತು ಜಿಲ್ಲಾ ಪತ್ರಿಕೆಯೊಂದಕ್ಕೆ ವರದಿ ಮಾಡುತ್ತಿದ್ದೆ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ಸುದ್ದಿಯೂ ನನ್ನದೇ. ಯಾರೂ ಕೇಳಿ ಪಡೆಯದ ಇನ್ನೊಂದು ಕೆಲಸವೂ ನನ್ನ ಮೇಜಿಗೆ ಬಂದಿತ್ತು: ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳು. ವಾಡಿ ಜಂಕ್ಷನ್ನಿನಲ್ಲಿ ಹಳಿ ಮೂರು ದಿಕ್ಕಿಗೆ ಒಡೆಯುತ್ತದೆ. ಗಾಡಿ ಬದಲಿಸುವ ಗದ್ದಲದಲ್ಲಿ ಒಬ್ಬರು ತಪ್ಪಿದರೆ, ಅವರು ಯಾವ ದಿಕ್ಕಿಗೆ ಹೋದರೆಂದು ಹೇಳುವವರು ಇರುತ್ತಿರಲಿಲ್ಲ.

ಚಿಂಚೋಳಿ ಕಡೆಯ ಐನಾಪುರದ ಒಬ್ಬ ಹೆಣ್ಣುಮಗಳು ಪ್ರತಿ ವರ್ಷ ಜೋಳದ ರಾಶಿ ಮುಗಿದ ಮೇಲೆ ಬರುತ್ತಿದ್ದಳು. ಒಕ್ಕಲುತನದ ಮನೆಯವಳು. ಕೊರಳಲ್ಲಿ ಲಿಂಗದಕಾಯಿ, ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಮಡಚಿದ ನಮ್ಮದೇ ಪತ್ರಿಕೆಯ ಹಳೆಯ ತುಣುಕು. ರಾಯಚೂರಿನ ಮದುವೆಯೊಂದರಿಂದ ಬರುವಾಗ ಅವಳ ತಂಗಿ ನೀರು ಕುಡಿಯಲೆಂದು ವಾಡಿಯ ಪ್ಲಾಟ್‌ಫಾರ್ಮಿಗೆ ಇಳಿದಿದ್ದಳು. ಮತ್ತೆ ಯಾವ ಗಾಡಿ ಹತ್ತಿದಳೋ ಗೊತ್ತಿಲ್ಲ. ತಂಗಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಶಾಲೆಯ ಮುಖ ಕಂಡವಳಲ್ಲ. ಫೋಟೊ ಇರಲಿಲ್ಲ.

“ಮತ್ತೊಮ್ಮೆ ಹಾಕ್ರಿ ಅಣ್ಣಾರ,” ಎನ್ನುತ್ತಿದ್ದಳು. ನಾವು ಹಾಕುತ್ತಿದ್ದೆವು. ಹಳೆಯ ತುಣುಕನ್ನೇ ನೋಡಿ ಹೊಸದಾಗಿ ಜೋಡಿಸುತ್ತಿದ್ದೆವು, ಅಕ್ಷರ ಬದಲಿಸದೆ.

ಈ ಪ್ರಕಟಣೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕೆಂಬ ಯೋಚನೆ ಬಂದದ್ದು ಕಡತ ಹುಡುಕಿ ಹುಡುಕಿ ಸಾಕಾದ ಮೇಲೆ. ಊರಿನಲ್ಲಿ ಒಬ್ಬರು ಮೇಡಂ ತಮ್ಮ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಒಳಗೆ ಅವರ ಮಾವನವರು ಪೂಜೆಯ ಗಂಟೆ ಬಾರಿಸುತ್ತಿದ್ದರೆ ಹೊರಗೆ ನಾಲ್ಕು ಕಂಪ್ಯೂಟರುಗಳು ಗುಂಯ್ ಎನ್ನುತ್ತಿದ್ದವು. ನಾನು ಮೊದಲ ದಿನ ತೋರಿಸಿದ ಪಟ್ಟಿಯಲ್ಲಿ ಹೆಸರು, ಊರು, ಬಟ್ಟೆ, ಗುರುತು ಎಲ್ಲವೂ ಒಂದೇ ಕಾಲಮ್ಮಿನಲ್ಲಿದ್ದವು. ಸುದ್ದಿ ಬರೆದ ಹಾಗೆ ಬರೆದಿದ್ದೆ.

“ಸರ್, ತೊಗರಿ, ಹೆಸರು, ಕಡ್ಲಿ ಎಲ್ಲಾ ಒಂದೇ ಡಬ್ಬ್ಯಾಗ ಸುರದೀರಲ್ಲ,” ಎಂದರು ಮೇಡಂ. “ನಾಳೆ ಬರೇ ಹೆಸರುಬ್ಯಾಳಿ ಬೇಕಂದ್ರ ಆರಿಸೋರು ಯಾರ್ರಿ?”

ಹಾಗಾಗಿ ಒಂದು ಡಬ್ಬಿಗೆ ಒಂದೇ ಕಾಳು ಎಂದಾಯಿತು. ಊರಿಗೆ ಒಂದು ಕಾಲಂ, ತಾಲ್ಲೂಕಿಗೆ ಒಂದು, ಗುರುತು ಮೈಮೇಲೆ ಎಲ್ಲಿದೆ ಎಂಬುದಕ್ಕೆ ಒಂದು, ಅದು ಗಾಯವೋ ಮಚ್ಚೆಯೋ ಹಚ್ಚೆಯೋ ಎಂಬುದಕ್ಕೆ ಇನ್ನೊಂದು. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ, ಏಕೆಂದರೆ ನಮ್ಮ ಕಡೆ ಒಂದೇ ಊರಿನಲ್ಲಿ ಒಂದೇ ಹೆಸರಿನ, ಒಂದೇ ತಂದೆಯ ಹೆಸರಿನ ಮೂವರು ಇರುವುದು ವಿಶೇಷವಲ್ಲ. ಪಟ್ಟಿ ಕಟ್ಟಲು ಹೊರಟವರು ಯಾರಾದರೂ ಕೇಳಿದರೆ ನಾನು ಇವತ್ತಿಗೂ ಮೊದಲು ಹೇಳುವುದು ಈ ಎರಡನ್ನೇ.

ಮೂರನೆಯದನ್ನು ಮೇಡಂ ಆಗಲೇ ಹೇಳಿದ್ದರು. ನಾನು ಕೇಳಲಿಲ್ಲ.

“ವಯಸ್ಸಿನ ಕಾಲಂ ಇಡಬ್ಯಾಡ್ರಿ. ಹುಟ್ಟಿದ ದಿನ ಇಡ್ರಿ.”

“ನಮ್ಮ ಕಡೆ ಯಾರಿಗೆ ಗೊತ್ತಿರ್ತದ ಮೇಡಂ? ಸಾಲಿಗೆ ಹೋದವರೆಲ್ಲ ಜೂನ್ ಒಂದಕ್ಕ ಹುಟ್ಯಾರ. ಸಾಲಿಗೆ ಹೋಗದವರು ಹುಟ್ಟೇ ಇಲ್ಲ.”

ಮೇಡಂ ನಕ್ಕರು. ಪ್ರಕಟಣೆಯಲ್ಲಿ ಇದ್ದ ವಯಸ್ಸನ್ನೇ ನಾನು ತುಂಬುತ್ತಾ ಹೋದೆ. ಐನಾಪುರದ ಹುಡುಗಿಯ ಸಾಲಿನಲ್ಲಿ ಹದಿನಾಲ್ಕು ಎಂದು ಬರೆದೆ.

ಕೆಲವು ವರ್ಷ ಕಳೆದು ಊರಿಗೆ ಟೆಲಿಫೋನ್ ತಂತಿಯ ಮೂಲಕ ಇಂಟರ್ನೆಟ್ ಬಂತು. ಮೇಡಂ ಪುಸ್ತಕ ತರಿಸಿ, ತಾವೇ ಕಲಿತು, ನಮ್ಮ ಪಟ್ಟಿಯನ್ನು ವೆಬ್ ಪುಟಕ್ಕೆ ಏರಿಸಿದರು. ಹೆಸರು, ವಿಳಾಸ ಹೊರಗಿನವರಿಗೆ ಕಾಣಿಸುತ್ತಿರಲಿಲ್ಲ. ಕಾಣೆಯಾದವರ ಮನೆಯವರನ್ನು ಮೋಸಗಾರರ ಬಾಯಿಗೆ ಕೊಡಬಾರದೆಂದು ಅದನ್ನು ಮುಚ್ಚಿಟ್ಟಿದ್ದೆವು. ಹುಡುಕುವವರು ಗಂಡು, ಹೆಣ್ಣು, ವಯಸ್ಸು, ಮಾತು, ಗುರುತು ಇಷ್ಟನ್ನು ಆರಿಸಬೇಕು. ಹೊಂದುವ ಸಾಲು ಇದ್ದರೆ ಅದರ ಸಂಖ್ಯೆ ಬರುತ್ತದೆ, ಆಮೇಲೆ ನಮಗೆ ಫೋನ್ ಮಾಡಬೇಕು. ಶಹಾಬಾದಿನ ಪಡಸಾಲೆಯೊಂದರಲ್ಲಿ ಟೈಪ್ ಮಾಡಿದ ಸಾಲನ್ನು ನೂರಾರು ಮೈಲಿ ದೂರದ ಯಾರೋ ಅದೇ ಗಳಿಗೆಯಲ್ಲಿ ಕೇಳಬಹುದು ಎಂಬುದು ನನ್ನ ತಲೆಯೊಳಗೆ ಇಳಿಯಲು ಬಹಳ ದಿನ ಬೇಕಾಯಿತು.

ನಾನು ಒಂದನ್ನು ಮಾತ್ರ ಪಟ್ಟು ಹಿಡಿದು ಸೇರಿಸಿದೆ. ಯಾರಾದರೂ ಹುಡುಕಿ ಏನೂ ಸಿಗದಿದ್ದರೆ, ಅವರು ಏನು ಕೇಳಿದರು ಎಂಬುದು ಇನ್ನೊಂದು ಟೇಬಲ್ಲಿನಲ್ಲಿ ಉಳಿಯಬೇಕು, ಬೇಕಿದ್ದರೆ ಅವರು ಫೋನ್ ನಂಬರ್ ಬಿಟ್ಟುಹೋಗಬೇಕು. ಪತ್ರಿಕೆಯ ಕೆಲಸದಲ್ಲಿ ಕಲಿತದ್ದು ಅದು: ಬರಿಗೈಲಿ ಹೋದವರೂ ಸುದ್ದಿಯೇ.

“ಸಿಕ್ಕಿದ್ದು ಬರ್ಕೊಳ್ಳೋರನ್ನ ಕಂಡೀನಿ,” ಎಂದರು ಮೇಡಂ. “ಸಿಗದಿದ್ದು ಬರ್ಕೊಳ್ಳೋರು ನೀವೊಬ್ರೇ ನೋಡ್ರಿ.” ಆದರೂ ಮಾಡಿಕೊಟ್ಟರು.

ಪ್ರತಿ ಶನಿವಾರ ಆ ಟೇಬಲ್ ಓದುವುದು ರೂಢಿಯಾಯಿತು. ಹೆಚ್ಚಿನವು ಕಂಪ್ಯೂಟರ್ ಕಲಿಯುವವರ ಚೇಷ್ಟೆ. ವಯಸ್ಸು ತೊಂಬತ್ತೊಂಬತ್ತು, ಗುರುತು ಎಲ್ಲ ಕಡೆ. ಒಂದು ಶನಿವಾರ ಮಾತ್ರ ಒಂದೇ ಪ್ರಶ್ನೆ ಆ ವಾರದಲ್ಲಿ ಮೂರು ಸಲ ಬಂದಿತ್ತು. ಹೆಣ್ಣು. ವಯಸ್ಸು ಇಪ್ಪತ್ತು. ಮಾತು ಬಾರದು. ಎಡ ಮುಂಗೈ ಮೇಲೆ ಹಚ್ಚೆ. ಫಲಿತಾಂಶ: ಸೊನ್ನೆ. ಮೂರನೆಯ ಸಲ ಕೇಳಿದವರು ಫೋನ್ ನಂಬರ್ ಬಿಟ್ಟಿದ್ದರು.

ನಮ್ಮ ಪಟ್ಟಿಯಲ್ಲಿ ಮಾತು ಬಾರದ ಹೆಂಗಸರು ಬಹಳ ಇಲ್ಲವೆಂದು ನನಗೆ ಗೊತ್ತಿತ್ತು. ವಯಸ್ಸನ್ನು ತೆಗೆದುಹಾಕಿ ಅದೇ ಪ್ರಶ್ನೆಯನ್ನು ನಾನೇ ಕೇಳಿದೆ. ಎರಡು ಸಾಲು ಬಂದವು. ಒಂದು ಅರವತ್ತು ದಾಟಿದ ಮುದುಕಿಯದು. ಇನ್ನೊಂದು ಐನಾಪುರ, ಹದಿನಾಲ್ಕು. ಆ ಸಾಲಿನ ಎದುರು, ಹುಡುಗಿ ತಪ್ಪಿಹೋದ ದಿನಾಂಕವಿತ್ತು. ಆರು ವರ್ಷ ಹಿಂದಿನದು.

ಎಲ್ಲೋ ಒಂದು ಹುಡುಗಿ ಬೆಳೆಯುತ್ತಿದ್ದಳು, ನನ್ನ ಪಟ್ಟಿಯಲ್ಲಿ ಮಾತ್ರ ಅವಳಿಗೆ ಆರು ವರ್ಷದಿಂದಲೂ ಹದಿನಾಲ್ಕೇ ಆಗಿತ್ತು. ಮೂರು ಸಲ ಯಾರೋ ಬಂದು ಬಾಗಿಲು ಬಡಿದಿದ್ದರು. ಇಲ್ಲ ಎಂದು ಹೇಳಿ ಕಳಿಸಿದ್ದು ನಾನು ಇಟ್ಟ ಕಾಲಂ.

ತಕ್ಷಣ ಫೋನ್ ಮಾಡಲಿಲ್ಲ. ಎರಡು ಕಡೆಯಿಂದ ಖಾತ್ರಿಯಾಗದ ಸುದ್ದಿಯನ್ನು ಅಚ್ಚಿಗೆ ಕಳಿಸಬಾರದು ಎಂಬುದು ನನ್ನ ಮೊದಲ ಸಂಪಾದಕರು ಕಲಿಸಿದ ಪಾಠ, ಮನುಷ್ಯರ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಐನಾಪುರಕ್ಕೆ ಕಾರ್ಡು ಬರೆದೆ. ನಾಲ್ಕನೆಯ ದಿನ ಅಕ್ಕ ಪಡಸಾಲೆಯಲ್ಲಿ ಬಂದು ಕುಳಿತಳು.

“ನಿನ್ನ ತಂಗಿಗೆ ಈಗ ಎಷ್ಟು ವರ್ಷವ್ವಾ?”

“ಹದಿನಾಲ್ಕ್ರಿ.”

“ಕಳೆದು ಆರು ವರ್ಷ ಆತಲ್ಲ.”

ಅವಳು ನನ್ನ ಮುಖ ನೋಡಿದಳು. “ನಾ ನೋಡ್ದಾಗ ಹದಿನಾಲ್ಕ ಇತ್ರಿ ಅಣ್ಣಾರ. ನೋಡಲಾರ್ದ ಹೆಂಗ ಏರಸ್ಲಿ?”

ಮೇಡಂ ಎದ್ದು ಒಳಗೆ ಹೋಗಿ ನೀರು ತಂದುಕೊಟ್ಟರು. ಆಮೇಲೆ ಅವರೇ ಕೇಳಿದರು, “ಹೋಗ್ಲಿ, ಆಕಿ ಹುಟ್ಟಿದಾಗ ನಿಮ್ಮ ಕಡೆ ಏನ್ ನಡದಿತ್ತು, ನೆನಪ ಅದ ಏನು?”

“ಅದು ಭಾಳ ಛಂದ ನೆನಪ ಅದ್ರಿ. ಸೇಡಂದಾಗ ಸಿಮೆಂಟ್ ಫ್ಯಾಕ್ಟರಿ ಚಿಮಣಿ ಏಳ್ಲಿಕತ್ತಿತ್ತು. ಅಪ್ಪ ಅಲ್ಲಿ ಕಲ್ಲ ಹೊರಾಕ ಹೋಗಿದ್ದ. ತೊಟ್ಲಕ್ಕ ಬಾ ಅಂತ ಹೇಳಿ ಕಳಿಸಿದ್ರ, ಚಿಮಣಿ ಮುಗೀಲಿ ಬರ್ತೀನಿ ಅಂದ. ಅವ್ವ ಇನ್ನಾ ಬೈತಾಳ.”

ಅದು ಯಾವ ವರ್ಷವೆಂದು ನಮ್ಮ ಪತ್ರಿಕೆಯ ಹಳೆಯ ಕಟ್ಟಿನಲ್ಲಿ ಇತ್ತು. ಚಿಮಣಿ ಒಂದೇ ದಿನದಲ್ಲಿ ಏಳುವುದಿಲ್ಲ, ಆದ್ದರಿಂದ ಹುಟ್ಟಿದ ವರ್ಷಕ್ಕೆ ನಾವು ಎರಡು ಕಾಲಂ ಮಾಡಿದೆವು: ಇಂದ, ವರೆಗೆ. ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಬರೆಯುವುದಕ್ಕಿಂತ ಎಷ್ಟು ಗೊತ್ತಿಲ್ಲ ಎಂಬುದನ್ನು ಬರೆಯುವುದು ಮೇಲು. ವಯಸ್ಸಿನ ಕಾಲಮ್ಮನ್ನು ಮೇಡಂ ಕಿತ್ತುಹಾಕಿದರು. ಯಾರು ಯಾವತ್ತು ಹುಡುಕಿದರೂ ಆವತ್ತಿನ ವಯಸ್ಸನ್ನು ಕಂಪ್ಯೂಟರೇ ಎಣಿಸಿಕೊಳ್ಳುವಂತೆ ಬರೆದರು.

ನಂತರ ಆ ದೂರದ ಮನುಷ್ಯರು ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳಿದೆವು. ಹೆಣ್ಣು, ಇಪ್ಪತ್ತು, ಮಾತು ಬಾರದು, ಎಡ ಮುಂಗೈ, ಹಚ್ಚೆ. ಪರದೆ ಒಮ್ಮೆ ಬೆಳ್ಳಗಾಗಿ, ಒಂದು ಸಾಲು ಬಂದು ನಿಂತಿತು. ಒಂದೇ ಒಂದು.

ಇಷ್ಟು ವರ್ಷ ಸುದ್ದಿ ಬರೆದಿದ್ದೇನೆ. ಪ್ರವಾಹ, ಅಪಘಾತ, ಚುನಾವಣೆ ಕಂಡಿದ್ದೇನೆ. ಆ ಒಂದು ಸಾಲಿನ ಎದುರು ಸುಮ್ಮನೆ ನಿಂತಷ್ಟು ಹೊತ್ತು ಬೇರೆ ಯಾವುದರ ಎದುರೂ ನಿಂತಿಲ್ಲ. ಅಲ್ಲಿದ್ದುದೆಲ್ಲ ನಾವೇ ತುಂಬಿದ ಅಕ್ಷರಗಳು, ಹೊಸದಾಗಿ ಒಂದೂ ಇರಲಿಲ್ಲ. ಸರಿಯಾಗಿ ಜೋಡಿಸಿ ಸರಿಯಾಗಿ ಕೇಳಿದ್ದಕ್ಕೆ ಅವು ನಮಗೆ ಗೊತ್ತಿಲ್ಲದ್ದನ್ನು ಹೇಳುತ್ತಿದ್ದವು.

“ಸಿಕ್ಕಳೇನ್ರಿ?” ಅಕ್ಕ ಎದ್ದು ನಿಂತಿದ್ದಳು.

“ಒಂದು ಸಾಲು ಸಿಕ್ಕದ. ಆಕಿ ಸಿಕ್ಕಾಳಂತ ನಾ ಅನ್ನಂಗಿಲ್ಲ. ಮೊದಲು ಒಂದು ಹೇಳು, ಆ ಹಚ್ಚಿ ಹೆಂಗದ?”

“ಚೇಳ್ರಿ. ಅರ್ಧ ಚೇಳು. ಹಾಕ್ಸುವಾಗ ಅತ್ತು ಕೈ ಕಸ್ಕೊಂಡು ಓಡಿಬಿಟ್ಲು. ಬಾಲ ಆಗ್ಲೇ ಇಲ್ಲ.”

ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಅವಳನ್ನು ಅಲ್ಲೇ ಕೂರಿಸಿ, ಎದುರಿನ ಎಸ್‌ಟಿಡಿ ಬೂತಿಗೆ ಹೋದೆ. ಫೋನ್ ಎತ್ತಿದವರು ತುಂಗಭದ್ರೆಯ ಆಚೆಗಿನ ಊರೊಂದರಲ್ಲಿ ಕಿವುಡ ಹೆಣ್ಣುಮಕ್ಕಳ ವಸತಿ ನೋಡಿಕೊಳ್ಳುವ ಮೇಲ್ವಿಚಾರಕಿ. ರೈಲು ನಿಲ್ದಾಣದಲ್ಲಿ ಸಿಕ್ಕಿದ ಹುಡುಗಿ, ಆರು ವರ್ಷದಿಂದ ತಮ್ಮಲ್ಲಿದ್ದಾಳೆ ಎಂದರು. ನಾನು ಏನನ್ನೂ ಹೇಳಿಕೊಡದೆ, ಹಚ್ಚೆ ಎಂಥದ್ದು ಎಂದಷ್ಟೇ ಕೇಳಿದೆ.

“ಏಡಿ ಅಂತಾರೆ ಕೆಲವರು, ಚೇಳು ಅಂತಾರೆ ಕೆಲವರು. ಬಾಲ ಇಲ್ಲ ನೋಡಿ, ಅದಕ್ಕೇ ಗೊತ್ತಾಗಲ್ಲ.”

ರಸ್ತೆ ದಾಟಿ ಹಿಂದಕ್ಕೆ ಬಂದು ಅಕ್ಕನಿಗೆ ಹೇಳಿದೆ. ಅವಳು ಅಳಲಿಲ್ಲ. “ಗಾಡಿ ಎಷ್ಟಕ್ಕದ?” ಎಂದಳು.

ನಾನು ಜೊತೆಗೆ ಹೋಗಲಿಲ್ಲ. ಅಲ್ಲಿ ಇಬ್ಬರೂ ಎದುರಾದಾಗ ಏನಾಯಿತೆಂದು ಬರೆಯುವ ಹಕ್ಕು ನನಗಿಲ್ಲ, ಕಂಡಿಲ್ಲ. ಕಂಡದ್ದು ಎರಡು ವಾರ ಬಿಟ್ಟು ಅಕ್ಕ ತಂಗಿ ಇಬ್ಬರೂ ಮೇಡಂ ಅವರ ಪಡಸಾಲೆಗೆ ಬಂದದ್ದನ್ನು. ತಂಗಿ ಅಕ್ಕನಿಗಿಂತ ಒಂದು ಗೇಣು ಎತ್ತರ. ಇಬ್ಬರ ಕೈಗಳೂ ಗಾಳಿಯಲ್ಲಿ ಜಗಳವಾಡುತ್ತಿದ್ದವು.

“ಏನಂತಾಳ?” ಎಂದು ಮೇಡಂ ಕೇಳಿದರು.

“ನಾ ದಪ್ಪ ಆಗೀನಂತ್ರಿ. ಬಂದಾಗಿಂದ ಅದೇ ಹಾಡು.” ಆಮೇಲೆ ಅಕ್ಕ ನನ್ನ ಕಡೆ ತಿರುಗಿದಳು. “ಅಣ್ಣಾರ, ಆಕಿ ಹೆಸರ ಇನ್ನಾ ಕಳದವರ ಪಟ್ಟ್ಯಾಗ ಯಾಕ? ಮೊದಲು ಅದನ್ನ ಅಳಸ್ರಿ. ನೋಡೇ ಹೋಗ್ತೀನಿ.”

ಸಾಲನ್ನು ಅಳಿಸಬಾರದು, ಸಿಕ್ಕ ದಿನಕ್ಕೊಂದು ಹೊಸ ಕಾಲಂ ಇಟ್ಟು ತುಂಬಬೇಕು ಎಂದು ವಿವರಿಸಲು ಹೊರಟೆ. ಆಗಿದ್ದು ಆಗಿದೆ, ದಾಖಲೆ ಅದನ್ನು ಮರೆಯಬಾರದು. ಅವಳು ಒಪ್ಪಲಿಲ್ಲ. ಅಪಶಕುನ ಎಂದಳು. ಮೇಡಂ ಆ ಸಾಲನ್ನು ಪರದೆಯ ಮೇಲೆ ತಂದು, ಯಾರು ಗೆಲ್ಲುತ್ತಾರೆಂದು ಕಾಯುತ್ತಾ ಕುಳಿತರು.

ಅಷ್ಟರಲ್ಲಿ ತಂಗಿ ಪರದೆಯ ಹತ್ತಿರಕ್ಕೆ ಬಾಗಿದ್ದಳು. ವಸತಿಯಲ್ಲಿ ಅವಳಿಗೆ ಅಕ್ಷರ ಕಲಿಸಿದ್ದರು, ಕರೆಯಲು ಬೇರೆ ಹೆಸರನ್ನೂ ಇಟ್ಟಿದ್ದರು. ಹುಟ್ಟಿದಾಗ ತೊಟ್ಟಿಲಲ್ಲಿ ಕೂಗಿದ ಹೆಸರನ್ನು ಅವಳು ಕೇಳಿರಲಿಲ್ಲ, ಕೇಳುವಂತಿರಲಿಲ್ಲ. ಬರೆದು ತೋರಿಸಲು ಮನೆಯಲ್ಲಿ ಅಕ್ಷರ ಬಲ್ಲವರು ಯಾರೂ ಇರಲಿಲ್ಲ. ಊರು, ತಾಲ್ಲೂಕು, ಹಚ್ಚೆ ಎಲ್ಲವನ್ನೂ ಓದಿ, ಅವಳ ಬೆರಳು ಹೆಸರಿನ ಕಾಲಮ್ಮಿಗೆ ಮರಳಿತು. ಇದು ಯಾರು ಎಂಬಂತೆ ಅಕ್ಕನ ಕಡೆ ಕೈ ತಿರುಗಿಸಿದಳು.

ಅಕ್ಕ ಮಾತು ನಿಲ್ಲಿಸಿ ಅವಳ ಎದೆ ಮುಟ್ಟಿ ತೋರಿಸಿದಳು.

ಹುಡುಗಿ ಮತ್ತೆ ಓದಿದಳು, ಗಾಜಿನ ಮೇಲೆ ಒಂದೊಂದೇ ಅಕ್ಷರ ತಿದ್ದುತ್ತಾ. ನಾಲ್ಕು ಅಕ್ಷರದ ಹೆಸರು. ಆಮೇಲೆ ಅವಳು ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡಳು, ಮೇಜಿನ ಮೇಲಿದ್ದ ಹಾಳೆಯೊಂದನ್ನು ಎಳೆದುಕೊಂಡು, ಪರದೆ ನೋಡಿ ನೋಡಿ ಬರೆಯತೊಡಗಿದಳು.

“ಅಳಸ್ಲೇನ್ರಿ ಹಂಗಾರ?” ಮೇಡಂ ಮೆಲ್ಲಗೆ ಅಕ್ಕನನ್ನು ಕೇಳಿದರು.

“ಬ್ಯಾಡ್ರಿ,” ಎಂದಳು ಅಕ್ಕ. “ಇರ್ಲಿ ಬಿಡ್ರಿ. ಆಕಿ ಬರ್ಕೊಳ್ಲಿಕತ್ತಾಳ.”