ಕೌದಿಯ ಕೊನೆಯ ಮೂಲೆ

ಇವತ್ತು ಬೆಳಿಗ್ಗೆ ಕ್ಯಾಮೆರಾ ಚೀಲದ ಜಿಪ್ಪು ಅರ್ಧಕ್ಕೇ ನಿಂತುಬಿಟ್ಟಿತು. ಕನ್ನಡಕ ಹಾಕಿಕೊಂಡು ನೋಡಿದರೆ ಗೇಣುದ್ದದ ಕೆಂಪು ದಾರವೊಂದು ಅದರ ಹಲ್ಲಿಗೆ ಸಿಕ್ಕಿಕೊಂಡಿದೆ. ಉಗುರಿನಿಂದ ಬಿಡಿಸುತ್ತ ಕೂತಾಗ ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು. ನಾನು ಮೊದಲ ಸಲ ವಿಡಿಯೋ ತೆಗೆದ ಮಧ್ಯಾಹ್ನ.

ನನ್ನದು ಫೋಟೋದ ಹುಚ್ಚು. ಮನೆಗೆಲಸ ಮುಗಿಸಿ, ಇಪ್ಪತ್ತು ವರ್ಷದಿಂದ ಪುಣೆಯ ಮುಖಗಳನ್ನು ಹುಡುಕಿಕೊಂಡು ಅಲೆದವಳು. ಶಿವಾಜಿನಗರದ ಹೂವಿನವಳಿಗೂ ಚಹಾದವನಿಗೂ ನಾನು ಆಡಿದ ಮರಾಠಿ ಒಂದೇ: "ಹಲೂ ನಕಾ", ಅಲುಗಬೇಡಿ. ಧಾರವಾಡದ ಕಾನ್ವೆಂಟಿನಲ್ಲಿ ಗ್ರೂಪ್ ಫೋಟೋಕ್ಕೆ ನಿಂತಾಗ ಸಿಸ್ಟರ್ ಕಲಿಸಿದ ಶಿಸ್ತು ಅದು. ಉಸಿರು ಹಿಡಿ, ಒತ್ತು, ಬಿಡು. ನನ್ನ ಕಲೆಯೆಲ್ಲ ಅಷ್ಟರಲ್ಲೇ ಮುಗಿಯುತ್ತಿತ್ತು.

ಮೇಲಿನ ಮಹಡಿಯ ರಶ್ಮಿ, ಹಿಂಜವಾಡಿಯ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಮೈಸೂರಿನ ಹುಡುಗಿ, ಒಂದು ದಿನ ನನ್ನ ಚಿತ್ರಗಳನ್ನೆಲ್ಲ ನೋಡಿ, "ಸೂಪರ್ ಆಂಟಿ, ಬಟ್ ಈಗ ಎಲ್ರೂ ವಿಡಿಯೋ ಸ್ಟೋರಿ ಮಾಡ್ತಾರೆ. ನಿಮ್ ಕ್ಯಾಮೆರಾದಲ್ಲೂ ಆಗತ್ತೆ," ಎಂದಳು. ಆಗತ್ತೆ ಅಂತ ನನಗೆ ಗೊತ್ತೇ ಇರಲಿಲ್ಲ. ಆ ಗುಂಡಿಯನ್ನು ಅಲಂಕಾರಕ್ಕೆ ಇಟ್ಟಿದ್ದಾರೆ ಅಂದುಕೊಂಡಿದ್ದೆ.

ಮೊದಲ ಕೆಲಸ ಮನೆಯಲ್ಲೇ ಸಿಕ್ಕಿತು. ನಮ್ಮಲ್ಲಿ ರೊಟ್ಟಿ ಬಡಿಯಲು ಬರುವ ಶರಣಮ್ಮ ಯಾದಗಿರಿ ಕಡೆಯವಳು. ಬಸುರಿ ಮಗಳು ಭೀಮವ್ವ ಊರಲ್ಲಿದ್ದಳು. ಹುಟ್ಟುವ ಕೂಸಿಗಾಗಿ ಶರಣಮ್ಮ ಹಳೆಯ ಸೀರೆಗಳ ಕೌದಿ ಹೊಲಿದಿದ್ದಳು. ಒಂದು ಮೂಲೆ ಮಾತ್ರ ಉಳಿದಿತ್ತು. ಅದನ್ನು ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡಬೇಕಂತೆ.

"ಕೌದಿ ಹೊಟ್ಟಿ ಹಸದಿದ್ರ ಹೊದ್ದೋರಿಗಿ ನಿದ್ದಿ ಹತ್ತಂಗಿಲ್ರಿ," ಎಂದಳು. "ನಮ್ಮವ್ವ ನನ್ನ ಕೈ ಹಿಡದು ಕಲಿಸಿದ್ಳು. ನಾ ದುಡಿಯಾಕ ಇಲ್ಲಿ ಬಂದೆ, ಭೀಮವ್ವಗ ಕಲಸಾಕ ಆಗ್ಲಿಲ್ಲ. ಈ ಮೂಲಿ ಮುಚ್ಚೂದು ಆಕಿ ನೋಡ್ಬೇಕ್ರಿ ಅಕ್ಕಾರ. ಇಲ್ಲಂದ್ರ ನನ್ನ ಕೂಡೇ ಹೋತದ."

ಬಾಲ್ಕನಿಯ ಬೆಳಕಿಗೆ ಅವಳನ್ನು ಕೂರಿಸಿ, ಗುಂಡಿ ಒತ್ತಿ, "ಇಲ್ಲಿ ನೋಡ್ರಿ," ಅಂದೆ. ನೋಡಿದಳು. ಸೂಜಿ ಕೆಳಗಿಟ್ಟು, ಸೆರಗು ಸರಿಮಾಡಿ, ಮೊಣಕಾಲ ಮೇಲೆ ಕೈ ಇಟ್ಟು ಕಂಬದ ಹಾಗೆ ಕೂತಳು. ನಾನೂ ಉಸಿರು ಹಿಡಿದೆ. ಎರಡು ನಿಮಿಷ ಇಬ್ಬರೂ ಹಾಗೇ ಇದ್ದೆವು.

"ಆತೇನ್ರಿ?"

"ಅಯ್ಯ, ನೀವು ಹೊಲೀರಿ ಶರಣಮ್ಮ."

"ಫೋಟೋದಾಗ ಹ್ಯಾಂಗ ಹೊಲೀಲ್ರಿ? ಅಳ್ಳಾಡ್ತದಲ್ಲ."

ನಕ್ಕೆವು. ಆಮೇಲೆ ಹೊಲಿದಳು. ಅವಳ ಮೂಗುಬೊಟ್ಟಿನ ಮೇಲೆ ಬೆಳಕು ಎಷ್ಟು ಚೆಂದ ಕೂತಿತ್ತೆಂದರೆ, ಇಪ್ಪತ್ತು ವರ್ಷದ ಚಟ ನೋಡಿ, ಕ್ಯಾಮೆರಾ ಅಲ್ಲಿಂದ ಕದಲಲೇ ಇಲ್ಲ. ರೊಟ್ಟಿ ಒಳಗೆ ಹೋಯಿತು, ಮೂಲೆ ಮುಚ್ಚಿತು.

ವಿಡಿಯೋ ಕಳಿಸಿದ ಸ್ವಲ್ಪ ಹೊತ್ತಿಗೇ ಭೀಮವ್ವನ ಫೋನ್ ಬಂತು. "ಅವ್ವಾ, ನಿನ್ನ ಮಾರಿ ಭಾಳ ಚಂದ ಬಂದದ. ಕೈ ಎಲ್ಲಿ ಅವ?"

ಶರಣಮ್ಮ ನನ್ನತ್ತ ನೋಡಿದಳು. ಆ ನೋಟದಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಆ ಮೂಲಿ ಬಿಚ್ಚಿ ಇನ್ನೊಮ್ಮೆ ಹೊಲಿಯೋಣು," ಎಂದೆ. ಫೋಟೋದವರ ಬಾಯಲ್ಲಿ ಈ 'ಇನ್ನೊಮ್ಮೆ' ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

"ಉಣಿಸಿದ ಹೊಟ್ಟಿ ಹರಿಯೂದೇನ್ರಿ ಅಕ್ಕಾರ?" ಎಂದು ಅವಳು ಕೌದಿ ಮಡಚಿದಳು. ಮರುದಿನ ಅದು ಸಂಬಂಧಿಕರೊಬ್ಬರ ಜೊತೆ ಬಸ್ಸಿನಲ್ಲಿ ಊರಿಗೆ ಹೋಯಿತು.

ನಾನು ಕಪಾಟಿನಿಂದ ನಾಲ್ಕು ಹಳೆಯ ಸೀರೆ ತೆಗೆದುಕೊಟ್ಟೆ. ಹೊಸ ಕೌದಿಗೆ ಮೂರು ತಿಂಗಳು ಹಿಡಿಯಿತು. ಕೊನೆಯ ಮೂಲೆಯ ದಿನ ನಾನು ಅವಳ ಬೆನ್ನ ಹಿಂದೆ ಕೂತು, ಹೆಗಲ ಮೇಲಿಂದ ಕೈಗಳನ್ನಷ್ಟೇ ತೆಗೆದೆ. ನೋಡುವ ಮಗಳಿಗೆ ಅವು ತನ್ನವೇ ಕೈ ಅನ್ನಿಸಲಿ ಎಂದು. ಕೆಳಗಿನ ರಸ್ತೆಯ ಕಂಪನಿ ಕ್ಯಾಬುಗಳ ಹಾರ್ನೂ ನನ್ನ ಕೆಮ್ಮೂ ಅದರಲ್ಲಿ ಸೇರಿಕೊಂಡವು.

"ಹನ್ನೊಂದು ನಿಮಿಷ ಯಾರು ನೋಡ್ತಾರೆ ಆಂಟಿ? ತರ್ಟಿ ಸೆಕೆಂಡ್ಸಿಗೆ ಕಟ್ ಮಾಡೋಣ," ಎಂದಳು ರಶ್ಮಿ. ನೂರರಲ್ಲಿ ಒಂದನ್ನು ಆರಿಸಿ ಉಳಿದದ್ದನ್ನು ಅಳಿಸುವುದರಲ್ಲಿ ನಾನು ಪಳಗಿದವಳೇ. ಆದರೆ ಇದರಲ್ಲಿ ಯಾವುದನ್ನು ಬಿಡಲಿ? ಸೂಜಿಗೆ ಕೆಂಪು ದಾರ ಪೋಣಿಸಲು ಮೂರು ಸಲ ತಪ್ಪಿದ್ದನ್ನೇ? ಅದೂ ಕಲಿಯಬೇಕಾದದ್ದೇ. ಪೂರ್ತಿ ಕಳಿಸಿದೆವು. ಭೀಮವ್ವ ಎರಡು ಕೈ ಮುಗಿದ ಚಿತ್ರ ಕಳಿಸಿದಳು. ಆಮೇಲೆ ಕೌದಿಯ ಸುದ್ದಿಯೇ ಇಲ್ಲ. ಕೂಸು ಹುಟ್ಟಿತು, ನಡೆಯತೊಡಗಿತು. ಮಗಳು ಕಲಿತಳೋ ಇಲ್ಲವೋ ಎಂದು ಶರಣಮ್ಮ ಕೇಳಲಿಲ್ಲ, ನನಗೂ ಕೇಳುವ ಧೈರ್ಯ ಬರಲಿಲ್ಲ.

ಇವತ್ತು ದಾರ ಬಿಡಿಸಿ ಅಡುಗೆಮನೆಗೆ ಹೋಗುವಷ್ಟರಲ್ಲಿ ಶರಣಮ್ಮನ ಫೋನು ಸದ್ದು ಮಾಡಿತು. ಅವಳ ಕೈತುಂಬ ಹಿಟ್ಟು. "ತೆಗೀರಿ," ಎಂದಳು. ತೆಗೆದೆ. ಭೀಮವ್ವ ಕಳಿಸಿದ ವಿಡಿಯೋ: ಹಸಿರು ಬಳೆಯ ಎರಡು ಕೈ, ಒಂದು ಹೊಸ ಕೌದಿ. ಪಕ್ಕದಲ್ಲಿ ಪುಟ್ಟ ಕಾಲುಗಳು ಓಡಿಹೋದವು. ಕೈ ರೊಟ್ಟಿ ಮುರಿಯಿತು, ಒಂದು ಚೂರನ್ನು ಒಳಗೆ ತುರುಕಿತು, ಮೂಲೆ ಮುಚ್ಚತೊಡಗಿತು.

"ಹೊಲಿಗಿ ಟಾಕಿ ದೊಡ್ಡವಾದ್ವು," ಎಂದಳು ಶರಣಮ್ಮ. ಹಿಟ್ಟಿನ ಕೈ ಹಾಗೇ ಎತ್ತಿಕೊಂಡು ಹತ್ತಿರ ಬಂದು ನಿಂತಳು.

ಕೊನೆಯ ಗಂಟು ಬಿತ್ತು. ಕೆಲಸ ಮುಗಿದರೂ ಭೀಮವ್ವ ವಿಡಿಯೋ ನಿಲ್ಲಿಸಿರಲಿಲ್ಲ. ಕೈಗಳು ಕೌದಿಯ ಮೇಲೆ ಸುಮ್ಮನೆ ಬಿದ್ದಿದ್ದವು. ನನ್ನ ಹೆಬ್ಬೆರಳು ಅದನ್ನು ನಿಲ್ಲಿಸಲು ತಾನಾಗಿ ಮುಂದೆ ಹೋಯಿತು.

"ಇರ್ಲಿರಿ ಅಕ್ಕಾರ. ಬಂದ್ ಮಾಡಬ್ಯಾಡ್ರಿ."

ಮಾಡಲಿಲ್ಲ. ಒಲೆಯ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದಾಗ ಎಡಗೈಯಿಂದ ಗ್ಯಾಸ್ ಆರಿಸಿದೆ. ಇಬ್ಬರೂ ನಿಂತುಕೊಂಡೇ, ಏನೂ ಮಾಡದ ಆ ಕೈಗಳನ್ನು ಕೊನೆಯವರೆಗೂ ನೋಡಿದೆವು.