ಸಿಹಿ ಟಾಕೊಯಾಕಿಯೂ ಅಜ್ಜಿಯ ಮೂಗೂ

ನಮ್ಮ ಅಜ್ಜಿಯ ಮೂಗು ಕಾರವಾರದ ಇಡೀ ಕೋಡಿಬಾಗದಲ್ಲೇ ಹೆಸರುವಾಸಿಯಾಗಿತ್ತು. ಮೂರು ಮನೆ ಆಚೆ ಹಾಲು ಹೊತ್ತಿದರೆ ನಮ್ಮ ಜಗಲಿಯಲ್ಲಿ ಕೂತೇ ಹೇಳುತ್ತಿದ್ದಳು. ಪೇಟೆಯಿಂದ ಬಂದ ಬಂಗಡೆ ಇವತ್ತಿನದೋ ನಿನ್ನೆಯದೋ ಎಂಬ ತೀರ್ಪು ಚೀಲ ಬಿಚ್ಚುವ ಮೊದಲೇ ಹೊರಬೀಳುತ್ತಿತ್ತು. ಆ ತೀರ್ಪಿನ ಮೇಲೆ ಅಪೀಲು ಇರಲಿಲ್ಲ. ನನ್ನ ಚಿಕ್ಕಮ್ಮ ಮದುವೆಯಾಗಿ ಬಂದ ವಾರದಲ್ಲೇ ಇದೇ ಮೂಗು ಇನ್ನೊಂದು ತೀರ್ಪು ಕೊಟ್ಟಿತು: ಅವಳ ಕೈಗೆ ಮೀನಿನ ವಾಸನೆ.

ನಮ್ಮದು ಮೀನು ತಿನ್ನುವ ಮನೆ, ಹಿಡಿಯುವ ಮನೆಯಲ್ಲ. ಎರಡು ತುಂಡು ಗದ್ದೆ, ಅಪ್ಪನ ಸರಕಾರಿ ಸಂಬಳ, ಮಧ್ಯಾಹ್ನದ ಊಟಕ್ಕೆ ತಪ್ಪದೆ ಮೀನು. ಚಿಕ್ಕಮ್ಮನ ತವರು ಅಂಕೋಲೆಯ ಕಡಲ ಬದಿಯಲ್ಲಿ. ಅವಳ ಅಪ್ಪ, ಅಣ್ಣಂದಿರು ದೋಣಿಯವರು; ತಾಯಿ ಬುಟ್ಟಿ ಹೊತ್ತು ಬೊಬ್ರುವಾಡದ ಮನೆಮನೆಗೆ ಮೀನು ಮಾರಿದವಳು. ಅಂಕೋಲೆಯಲ್ಲಿ ನೌಕರಿಗಿದ್ದ ನನ್ನ ಚಿಕ್ಕಪ್ಪ ಅಲ್ಲಿ ಮನಸ್ಸು ಕೊಟ್ಟು, ನಮ್ಮ ಮನೆಯಲ್ಲಿ ಒಂದು ಮಳೆಗಾಲ ಪೂರ್ತಿ ರಾದ್ಧಾಂತವಾಗಿ, ಕೊನೆಗೆ ಮದುವೆಯಾಯಿತು. ಮೀನು ಹಿಡಿದವರ ಮೀನು ನಮ್ಮ ತಟ್ಟೆಗೆ ಬರಬಹುದು, ಹಿಡಿದವರ ಮಗಳು ನಮ್ಮ ಒಲೆಯ ಹತ್ತಿರ ಬರಬಾರದು ಎನ್ನುವುದರಲ್ಲಿ ಅಜ್ಜಿಗೆ ಯಾವ ವಿರೋಧಾಭಾಸವೂ ಕಾಣಲಿಲ್ಲ.

ಆದರೆ ಚಿಕ್ಕಮ್ಮ ಮಾಡಿದ ಮೀನು ಸಾರನ್ನು ಒಮ್ಮೆ ಉಂಡ ಮೇಲೆ ಅಜ್ಜಿಯ ಕಾನೂನಿಗೆ ತಿದ್ದುಪಡಿ ಬಂತು. ಮೀನಿನ ಅಡುಗೆಯೆಲ್ಲ ಚಿಕ್ಕಮ್ಮನದು. ಸಿಹಿ, ಅದರಲ್ಲೂ ದೇವರ ಮುಂದೆ ಇಡುವ ಸಿಹಿ, ಅಜ್ಜಿ ಮತ್ತು ನನ್ನ ಅಮ್ಮನದು. ಚೌತಿಯ ಮುನ್ನಾದಿನ ನಮ್ಮ ಪಡಸಾಲೆಯಲ್ಲಿ ಚಾಪೆ ಹಾಸಿ ಓಣಿಯ ಹೆಂಗಸರೆಲ್ಲ ಕರ್ಜಿಕಾಯಿ ತುಂಬಲು ಕೂರುತ್ತಿದ್ದರು. ಹೋದ ತಿಂಗಳಷ್ಟೇ ಬಾಡಿಗೆಗೆ ಬಂದ ಎದುರು ಮನೆಯವಳಿಗೂ ಕರೆ ಹೋಗುತ್ತಿತ್ತು. ಚಿಕ್ಕಮ್ಮ ಮಾತ್ರ ಹಿತ್ತಲಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದಳು. ಸುಲಿಯುವುದಕ್ಕೆ ಅಜ್ಜಿಯ ಅಡ್ಡಿ ಇರಲಿಲ್ಲ, ಕಾಯಿಗೆ ಚಿಪ್ಪು ಇದೆಯಲ್ಲ! ಎಂಟು ಚೌತಿ ಹೀಗೇ ಕಳೆದವು. ಒಡವೆ ಕೇಳಿದವಳಲ್ಲ, ಸೀರೆ ಕೇಳಿದವಳಲ್ಲ. ಆ ಚಾಪೆಯ ಮೇಲೆ ಒಂದು ಜಾಗ ಬೇಕಿತ್ತು ಅವಳಿಗೆ, ಅಷ್ಟೇ. ಅದನ್ನು ಒಮ್ಮೆ ಮಾತ್ರ ನನ್ನ ಹತ್ತಿರ ಬಾಯಿಬಿಟ್ಟು ಹೇಳಿದ್ದಳು. ಆವತ್ತು ನನಗೆ ಅಜ್ಜಿಯ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ನಾನಾಗ ಕಾರವಾರದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ. ಆ ವರ್ಷ ಶ್ರಾವಣದಲ್ಲಿ ನಮ್ಮ ಭಾಗದ ಮಹಿಳಾ ಮಂಡಳದವರು ಅಡುಗೆ ಸ್ಪರ್ಧೆ ಇಟ್ಟರು. ಮಂಡಳದ ಅಧ್ಯಕ್ಷೆ ಮಗನ ಜೊತೆ ಸಿಂಗಾಪುರಕ್ಕೆ ಹೋಗಿ ಬಂದಿದ್ದಳು. ಹೋಗಿದ್ದು ಎರಡು ವಾರ, ಅದರ ವರ್ಣನೆ ಮೂರನೇ ವರ್ಷಕ್ಕೆ ಕಾಲಿಟ್ಟಿತ್ತು. ಹಾಗಾಗಿ ಸ್ಪರ್ಧೆಯ ವಿಷಯ 'ಹೊರದೇಶದ ಸಿಹಿತಿಂಡಿ'. ದೇವಸ್ಥಾನದ ಸಭಾಭವನದಲ್ಲಿ, ಅದೂ ಶ್ರಾವಣದಲ್ಲಿ ನಡೆಯುವುದರಿಂದ ಅಪ್ಪಟ ಸಸ್ಯಾಹಾರ. ಮೊಟ್ಟೆಯ ಸುದ್ದಿಯನ್ನೂ ಎತ್ತುವಂತಿಲ್ಲ. ತೀರ್ಪುಗಾರರು ಮೂವರು: ಅಧ್ಯಕ್ಷೆ, ಪೇಟೆಯ ಒಬ್ಬ ಹೋಟೆಲಿನ ಮಾಲಕರು, ಮತ್ತು ಸಿಹಿಯ ವಿಷಯದಲ್ಲಿ ಕೊನೆಯ ಮಾತು ಎನಿಸಿಕೊಂಡ ನಮ್ಮ ಅಜ್ಜಿ. ತಟ್ಟೆಗೆ ನಂಬರು, ದೇಶದ ಹೆಸರು ಮಾತ್ರ. ಮಾಡಿದವರ ಹೆಸರಿನ ಚೀಟಿ ತಟ್ಟೆಯ ಅಡಿಗೆ.

ಚಿಕ್ಕಮ್ಮ ಹಿಡಿದದ್ದು ಈ ನಂಬರಿನ ಎಳೆಯನ್ನೇ.

"ಯಾರ್ ಮಾಡಿದ್ದು ಅಂತ ಗುತ್ತಾಗೂದಿಲ್ಲ ಅಲ್ದಾ ತಂಗೀ? ಹಂಗಾರೆ ಅತ್ತೆ ನನ್ ಕೈ ಸಿಹಿ ತಿಂತ್ರು. ಒಂದ್ಸಲ ತಿಂದ್ರೆ ಸಾಕು," ಎಂದಳು.

ಏನು ಮಾಡುವುದು ಎನ್ನುವುದನ್ನು ಟಿ.ವಿ. ತೋರಿಸಿಕೊಟ್ಟಿತು. ಮಧ್ಯಾಹ್ನ ಅಜ್ಜಿ ಮಲಗಿದ ಮೇಲೆ ಚಿಕ್ಕಮ್ಮ ದನಿ ತೀರ ಸಣ್ಣದಿಟ್ಟು ಊರೂರು ತಿರುಗುವ ಕಾರ್ಯಕ್ರಮಗಳನ್ನು ನೋಡುತ್ತಿದ್ದಳು. ಒಂದು ದಿನ ನಾನು ಕಾಲೇಜಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕೂಗಿದಳು: "ಬಾರೇ ಬೇಗ, ಜಪಾನಿನವ್ರು ಬೀದೀಲಿ ನಿಂತು ಅಪ್ಪೆ ಹಾಕ್ತಿದ್ರು!"

ನೋಡಿದರೆ ನಿಜ. ಬೇರೆ ಕಡೆಯವರು ಪಡ್ಡು, ಗುಳಿಯಪ್ಪ ಎನ್ನುವ ನಮ್ಮ ಅಪ್ಪೆಯ ಕಾವಲಿಯಂಥದ್ದೇ ಕುಳಿಕುಳಿ ಕಾವಲಿ. ಹಿಟ್ಟು ಹೊಯ್ದು, ಕಡ್ಡಿಯಲ್ಲಿ ತಿರುವಿ ಉಂಡೆ ಮಾಡುತ್ತಿದ್ದರು. ಮರುದಿನ ನಾನು ಇಂಟರ್ನೆಟ್ ಅಂಗಡಿಯಲ್ಲಿ ಕೂತು ಅದರ ಜಾತಕ ತೆಗೆಸಿದೆ. ಹೆಸರು ಟಾಕೊಯಾಕಿ. ಉಂಡೆಯ ಹೊಟ್ಟೆಯಲ್ಲಿ ಆಕ್ಟೋಪಸ್ಸಿನ ತುಂಡು, ಮೇಲೆ ಕಪ್ಪು ಸಾಸು, ಬಿಳಿ ಸಾಸು, ಅದರ ಮೇಲೆ ಒಣ ಮೀನನ್ನು ತೆಳ್ಳಗೆ ಹೆರೆದು ಉದುರಿಸುತ್ತಾರೆ.

ಚಿಕ್ಕಮ್ಮ ಮೂಗಿನ ಮೇಲೆ ಬೆರಳಿಟ್ಟಳು. "ಆಕ್ಟೋಪಸ್ಸಾ? ಅದು ಬಲೆಗೆ ಬಿದ್ರೆ ನಮ್ಮಣ್ಣ ಬೈದು ನೀರಿಗೆ ಎಸಿತಾ. ಅದ್ನ ದುಡ್ ಕೊಟ್ಟು ತಿಂತ್ರಾ ಇವ್ರು?" ಒಣ ಮೀನಿನ ಸುದ್ದಿ ಕೇಳಿದ ಮೇಲೆ ಮಾತ್ರ ಜಪಾನಿನ ಮೇಲೆ ಅವಳಿಗೆ ಗೌರವ ಬಂತು.

ಅದನ್ನು ಸಿಹಿ ಮಾಡಲು ಅವಳಿಗೆ ಒಂದು ಸಂಜೆ ಸಾಕಾಯಿತು. ಅಕ್ಕಿ ಹಿಟ್ಟಿಗೆ ಸ್ವಲ್ಪ ಮೈದಾ, ಬಾಳೆಹಣ್ಣು, ಏಲಕ್ಕಿ. ಆಕ್ಟೋಪಸ್ಸಿನ ಬದಲು, ಬೇಸಿಗೆಯಲ್ಲಿ ತವರಿನವರು ಇಶಾಡ ಮಾವಿನ ರಸವನ್ನು ಒಣಗಿಸಿ ಇಟ್ಟಿದ್ದ ಹಪ್ಪಳದ ತುಂಡು. ಅದೂ ಹಲ್ಲಿಗೆ ಹಾಗೇ ಜಗ್ಗುತ್ತದಲ್ಲ. ಕಪ್ಪು ಸಾಸಿನ ಬದಲು ತೆಳ್ಳಗೆ ಹರಿಯುವ ಜೋನಿ ಬೆಲ್ಲ. ಬಿಳಿಯದಕ್ಕೆ ಸಕ್ಕರೆ ಹಾಕಿ ಕುದಿಸಿದ ಗಟ್ಟಿ ಕಾಯಿಹಾಲು. ಮೀನಿನ ಹೆರಕಲಿನ ಬದಲು ಕೊಬ್ಬರಿಯ ಹೆರಕಲು. ನಾನು ಮೂರು ವರ್ಷದಿಂದ ಒಂದೇ ನೋಟ್ಸನ್ನು ಪಾಠ ಮಾಡುತ್ತಿದ್ದವಳು. ಸುಮ್ಮನೆ ನೋಡುತ್ತ ನಿಂತೆ.

ತೊಡಕು ಕಾವಲಿಯದು. ನಮ್ಮ ಮನೆಯ ಅಪ್ಪೆ ಕಾವಲಿ ದೇವರ ಪಾತ್ರೆಗಳ ಜೊತೆ ಅಜ್ಜಿಯ ಕಪಾಟಿನಲ್ಲಿತ್ತು, ಬೀಗದ ಕೈ ಅಜ್ಜಿಯ ಸೊಂಟದಲ್ಲಿತ್ತು. ಹಾಗಾಗಿ ಸ್ಪರ್ಧೆಯ ಭಾನುವಾರ ನಸುಕಿಗೇ ನಾವಿಬ್ಬರೂ ಅಂಕೋಲೆಯ ತವರಿಗೆ ಹೋದೆವು. ಅಲ್ಲಿಯ ಬೀಡುಕಬ್ಬಿಣದ ಕಾವಲಿ ಚಿಕ್ಕಮ್ಮನ ಅಜ್ಜಿಯ ಕಾಲದ್ದು. ಚಿಕ್ಕಮ್ಮ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು, ಬೂದಿ ಹಾಕಿ ತಿಕ್ಕಿದಳು, ಕುದಿನೀರು ಹೊಯ್ದಳು. ಆಮೇಲೆ ಹಳೆಯ ಕೊಡೆಯ ಕಡ್ಡಿಯಲ್ಲಿ ಒಂದೊಂದೇ ಉಂಡೆ ತಿರುವಿ ತೆಗೆದಳು. ಒಂದೂ ಒಡೆಯಲಿಲ್ಲ. ಎಲ್ಲ ಡಬ್ಬಿಗೆ ತುಂಬಿ, ಹುಬ್ಬಳ್ಳಿಯಿಂದ ಬಾಳೆಗುಳಿ ದಾಟಿ ಬಂದ ಕಾರವಾರದ ಬಸ್ಸು ಹತ್ತಿದೆವು.

ಮಳೆ ಜೋರಾಗಿತ್ತು. ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಅವರ್ಸಾ ದಾಟುವ ಹೊತ್ತಿಗೆ ಮುಂದಿನ ಸೀಟಿನ ಮುದುಕ ಹಿಂದೆ ತಿರುಗಿದ.

"ಒಣ ಸಿಗಡಿ ಎಲ್ಲಿ ಸಿಕ್ತು ನಿಮ್ಗೆ?" ಎಂದು ಆಸೆಯಿಂದ ಕೇಳಿದ.

ನಾನು ಡಬ್ಬಿಯ ಮುಚ್ಚಳ ಚೂರು ಎತ್ತಿದೆ. ಬೆಲ್ಲ, ಏಲಕ್ಕಿ, ಅದರ ಹಿಂದಿನಿಂದ ಸ್ಪಷ್ಟವಾಗಿ ಒಣ ಸಿಗಡಿ. ತಲೆತಲಾಂತರದಿಂದ ಮಳೆಗಾಲದಲ್ಲಿ ಒಣ ಸಿಗಡಿಯ ಅಪ್ಪೆ ಹಾಕಿದ ಕಾವಲಿ ಅದು. ಹುಣಸೆಹಣ್ಣಿಗೆ ಹೆದರಿ ಅದು ತನ್ನ ಗುಣ ಬಿಡುತ್ತದೆಯೇ? ತವರಿನಲ್ಲಿ ಕೂತು ಮಾಡುವಾಗ ನಮಗೆ ಗೊತ್ತಾಗಿರಲಿಲ್ಲ. ಆ ಮನೆಯಲ್ಲಿ ಒಣ ಮೀನಿನ ವಾಸನೆ ವಾಸನೆಯೇ ಅಲ್ಲ, ಬರೀ ಗಾಳಿ.

ಚಿಕ್ಕಮ್ಮ ಮುಚ್ಚಳವನ್ನು ಒತ್ತಿ ಮುಚ್ಚಿದಳು. "ಆತು. ಮುಗ್ದೋತು," ಎಂದಳು. "ಎಂಟು ವರ್ಷದಿಂದ ಅತ್ತೆ ಹೇಳಿದ್ದು ಖರೆ ಆಗೋತು."

"ಒಳಗೆ ಮೀನು ಹಾಕಿದ್ದೀಯಾ? ಇಲ್ಲ. ಮತ್ತೆ?"

"ವ್ರತ ಹಿಡ್ದವ್ರ ಬಾಯಿಗೆ ಇದ್ನ ಇಡೂದಾ? ಬ್ಯಾಡ. ಬಿಣಗಾದಲ್ಲಿ ಇಳ್ದು ಎಲ್ಲಾದ್ರೂ ಚೆಲ್ಲಿ ಹೋಗ್ವ."

ಬಿಣಗಾದಲ್ಲಿ ಬಸ್ಸು ನಿಂತಾಗ ಸುರಿದ ಮಳೆಗೆ ಇಳಿಯುವುದು ಆಗಲಿಲ್ಲ. ಚೆಲ್ಲುವುದನ್ನು ಕಾರವಾರಕ್ಕೆ ಮುಂದೂಡಿದೆವು. ಹೆಸರು ವಾಪಸು ತೆಗೆಸಿ ಬರೋಣವೆಂದು ಸಭಾಭವನದ ಮೆಟ್ಟಿಲು ಹತ್ತಿದರೆ, ಬಾಗಿಲಲ್ಲೇ ಅಧ್ಯಕ್ಷೆ.

"ಜಪಾನಿನವ್ರು ಬಂದ್ರಾ? ನಿಮ್ದೊಂದೇ ಬಾಕಿ!" ಎಂದವಳೇ ಚಿಕ್ಕಮ್ಮನ ಕೈಯಿಂದ ಡಬ್ಬಿ ಕಸಿದುಕೊಂಡು ಒಳಗೆ ನಡೆದಳು. ಸ್ಪರ್ಧಿಗಳು ಹೊರಗೆ ಜಗಲಿಯಲ್ಲಿ ಕಾಯಬೇಕೆಂದು ನಿಯಮ. ಚಿಕ್ಕಮ್ಮ ಕಂಬಕ್ಕೆ ಒರಗಿ ಕೂತಳು. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಅಪರಾಧಕ್ಕೆ ನನ್ನನ್ನು ಅಂಕ ಬರೆಯಲು ಒಳಗೆ ಎಳೆದುಕೊಂಡರು.

ಒಳಗೆ ಮೇಜಿನ ಮೇಲೆ ಇಡೀ ಜಗತ್ತು ನೆರೆದಿತ್ತು. ಚೆರ್ರಿ ಇಟ್ಟ ಶಿರಾ ಇಟಲಿಯದಾಗಿತ್ತು. ಚಾಕಲೇಟು ಬಳಿದ ಚಪಾತಿ ಫ್ರಾನ್ಸಿನಿಂದ ಬಂದಿತ್ತು. ಹಸಿರು ಬಣ್ಣದ ಒಂದು ಹಲ್ವಾಕ್ಕೆ ಯಾವ ದೇಶವೆಂದು ಬರೆಯಲು ಮರೆತಿದ್ದರು. ಅಧ್ಯಕ್ಷೆ ರುಚಿ ನೋಡಿ ಅದನ್ನು ಮೆಕ್ಸಿಕೋಕ್ಕೆ ಸೇರಿಸಿದಳು. ಹೋಟೆಲಿನ ಮಾಲಕರು ಎಲ್ಲದರಿಂದ ಒಂದೊಂದು ಚಮಚ ತಿಂದು, ಎಲ್ಲದಕ್ಕೂ "ಅಡ್ಡಿಲ್ಲ" ಎಂದರು. ಶ್ರಾವಣ ಹಿಡಿದು ಮೂರು ವಾರವಾಗಿತ್ತು. ಅಲ್ಲಿದ್ದವರೆಲ್ಲ ಹುಟ್ಟಾ ಮೀನು ತಿನ್ನುವವರು. ಮೂರು ವಾರದಿಂದ ಬೇಳೆ ಸಾರು ಉಂಡು ಉಂಡು ಎಲ್ಲರ ಮುಖದಲ್ಲೂ ಒಂದು ಬಗೆಯ ಸೂತಕದ ಕಳೆ ಇತ್ತು.

ಟಾಕೊಯಾಕಿಯ ತಟ್ಟೆ ಅಜ್ಜಿಯ ಮುಂದೆ ಬಂತು. ಅಜ್ಜಿ ಒಂದನ್ನು ಎತ್ತಿದಳು. ಬಾಯಿಯ ಹತ್ತಿರ ತಂದವಳು ನಿಲ್ಲಿಸಿದಳು. ಮೂಗಿನ ಹೊಳ್ಳೆ ಅರಳಿತು. ಅಜ್ಜಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದಳು. ಆಮೇಲೆ ಇನ್ನೊಂದು ಎತ್ತಿಕೊಂಡಳು.

"ಒಂದ್ರಲ್ಲಿ ಗುತ್ತಾಗೂದಿಲ್ಲ," ಎಂದಳು ಗಂಭೀರವಾಗಿ. ಮೂರನೆಯದಕ್ಕೆ ಕಾರಣವನ್ನೂ ಕೊಡಲಿಲ್ಲ.

ಹೋಟೆಲಿನ ಮಾಲಕರು ಎರಡು ತಿಂದು ಬೆರಳು ಚೀಪಿದರು. "ಏನೋ ಒಂದು ಇದೆ ಇದ್ರಲ್ಲಿ," ಎಂದರು. ಆ ಏನೋ ಒಂದು ಏನೆಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ದೇವಸ್ಥಾನದ ಗಂಟೆ ಹತ್ತು ಹೆಜ್ಜೆ ದೂರದಲ್ಲಿತ್ತು. ಅಧ್ಯಕ್ಷೆಯೇ ಎಲ್ಲರನ್ನೂ ಪಾರು ಮಾಡಿದಳು. "ಇದು ಜಪಾನಿನ ಸಮುದ್ರದ ಪಾಚಿಯ ಪರಿಮಳ. ಶುದ್ಧ ಸಸ್ಯಾಹಾರ. ಸಿಂಗಾಪುರದಲ್ಲಿ ನಾನು ಇದನ್ನೇ ತಿಂದಿದ್ದೆ," ಎಂದು ಘೋಷಿಸಿದಳು. ಅಲ್ಲಿಂದ ಮುಂದೆ ಯಾರಿಗೂ ಸಂಕೋಚ ಉಳಿಯಲಿಲ್ಲ. ಉಳಿದದ್ದನ್ನು ಹೆಂಗಸರಿಗೆ ಹಂಚಿದಾಗ ನೂಕುನುಗ್ಗಲಾಯಿತು. ಇಟಲಿ, ಫ್ರಾನ್ಸು ಹಾಗೇ ಆರುತ್ತ ಕೂತಿದ್ದವು. ಒಬ್ಬಳು ತಟ್ಟೆಯ ಜೋನಿ ಬೆಲ್ಲವನ್ನು ಬೆರಳಲ್ಲಿ ಬಳಿಯುತ್ತ, "ಎಲ್ಲೋ ತಿಂದ ಹಾಂಗೆ ಅನ್ಸ್ತದೆ ಮಾರಾಯ್ತಿ," ಎಂದಳು. ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಮೊದಲನೇ ಬಹುಮಾನ ಅದಕ್ಕೇ. ಅಧ್ಯಕ್ಷೆ ತಟ್ಟೆಯ ಅಡಿಯ ಚೀಟಿ ತೆಗೆದು ಹೆಸರು ಓದಿದಳು. ಜಗಲಿಯಿಂದ ಎದ್ದು ಬಂದ ಚಿಕ್ಕಮ್ಮನನ್ನು ನೋಡಿ ಅಜ್ಜಿಯ ಬಾಯಿ ಅರ್ಧ ತೆರೆದು ಹಾಗೇ ಉಳಿಯಿತು. ಬಹುಮಾನ ಕೊಡಬೇಕಾದವಳು ಅಜ್ಜಿಯೇ. ದೊಡ್ಡ ಸ್ಟೀಲಿನ ಡಬ್ಬಿಯ ಒಂದು ತುದಿ ಅಜ್ಜಿ ಹಿಡಿದಳು, ಇನ್ನೊಂದು ತುದಿ ಚಿಕ್ಕಮ್ಮ ಹಿಡಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಜನ ಚಪ್ಪಾಳೆ ತಟ್ಟಿದರು.

ಮನೆಗೆ ಬರುವ ದಾರಿಯಲ್ಲಿ ಅಜ್ಜಿ ನಮಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದಳು. ಚಿಕ್ಕಮ್ಮ ಇನ್ನು ಮೀನಿನ ಒಲೆಯೂ ತಪ್ಪಿತು ಎಂಬಂತೆ ತಲೆ ತಗ್ಗಿಸಿ ನಡೆಯುತ್ತಿದ್ದಳು. ನಾನು ಮನಸ್ಸಿನಲ್ಲೇ ಜಗಳಕ್ಕೆ ಮಾತು ಜೋಡಿಸಿಕೊಳ್ಳುತ್ತಿದ್ದೆ. ಒಳಗೆ ಕಾಲಿಟ್ಟವಳೇ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು ತಿರುಗಿದಳು.

"ಒಣ ಸಿಗಡಿ ಅಪ್ಪೆ ಹಾಕೂ ಕಾವಲಿ ಅಲ್ದಾ ಅದು?"

"ಹೌದು ಅತ್ತೆ. ತಿಕ್ಕಿ ತಿಕ್ಕಿ ತೊಳ್ದಿದ್ದೆ. ಹೋಗ್ಲಿಲ್ಲ."

"ತೊಳದ್ರೆ ಹೋಗೂದಲ್ಲ ಅದು. ಬಾಯಿಗೆ ಇಡೂಕ್ ಮೊದ್ಲೇ ಗುತ್ತಾತು ನಂಗೆ."

ಗೊತ್ತಾಗಿಯೂ ಮೂರು ತಿಂದೆಯಾ ಎಂದು ಕೇಳಲು ನನ್ನ ನಾಲಿಗೆ ತುದಿಗೆ ಬಂದಿತ್ತು. ಒಲೆಯ ಹತ್ತಿರವಿದ್ದ ಅಮ್ಮ ಬಂದು ನನ್ನ ಕೈ ಚಿವುಟಿದಳು. ಅಷ್ಟರಲ್ಲಿ ಚಿಕ್ಕಮ್ಮ ತಲೆ ಎತ್ತಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಕಾವಲಿ ವಾಸನೆ ಬಂತು, ಸರಿ. ನನ್ ಕೈ ವಾಸನೆ ಬಂತಾ ಅತ್ತೆ?"

ಕೇಳಿದ್ದಷ್ಟೇ ಅಲ್ಲ, ಎರಡೂ ಕೈ ಮುಂದೆ ಚಾಚಿದಳು. ಅಜ್ಜಿ ಆ ಕೈಗಳನ್ನು ನೋಡಿದಳು. ಆಮೇಲೆ ಬಲಗೈಯನ್ನು ಹಿಡಿದು ಮೂಗಿನ ಹತ್ತಿರ ಎಳೆದುಕೊಂಡಳು. ಅಂಗೈ ಮೂಸಿದಳು, ಹಿಂಗೈ ಮೂಸಿದಳು, ಬೆರಳುಗಳ ಸಂದಿ ಬಿಡಿಸಿ ಮೂಸಿದಳು. ಎಡಗೈಯನ್ನೂ ಬಿಡಲಿಲ್ಲ. ಈ ಎಂಟು ವರ್ಷದಲ್ಲಿ ಆ ಕೈಯನ್ನು ಅವಳು ಮುಟ್ಟಿದ್ದನ್ನೇ ನಾನು ನೋಡಿರಲಿಲ್ಲ.

"ಎಂತದೂ ಇಲ್ಲಲ!" ಎಂದಳು ಅಜ್ಜಿ. ಅವಳ ದನಿಯಲ್ಲಿ ಇದ್ದದ್ದು ನಿರಾಸೆ.

ಚಿಕ್ಕಮ್ಮ ಅಳತೊಡಗಿದಳು. ರಾದ್ಧಾಂತದ ಮದುವೆಯ ದಿನವೂ ಅತ್ತವಳಲ್ಲ, ಈಗ ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಕಣ್ಣೊರೆಸಿಕೊಳ್ಳೋಣವೆಂದರೆ ಅವಳ ಎರಡೂ ಕೈ ಇನ್ನೂ ಅಜ್ಜಿಯ ಕೈಯಲ್ಲೇ ಇದ್ದವು. ಜಗಳಕ್ಕೆಂದು ಜೋಡಿಸಿಟ್ಟ ಮಾತು ನನಗೆ ಒಂದೂ ನೆನಪಾಗಲಿಲ್ಲ.

"ಅಳೂದೆಂತಕೆ ಈಗ?" ಎಂದು ಅಜ್ಜಿ ಗದರಿದಳು. "ಚೌತಿ ಬಂತು. ಕರ್ಜಿಕಾಯಿ ಕಣಕ ಈ ಸಲ ನೀನೇ ನಾದ್ಬೇಕು. ನನ್ ಕೈಲಿ ಶಕ್ತಿ ಇಲ್ಲ."