ಫ್ಯಾನ್ ಆರಿಸುತ್ತಿದ್ದ ಮೇಸ್ತ್ರಿ

ಮೊನ್ನೆ ಹೊಸ ತಿಪ್ಪಸಂದ್ರದ ನಮ್ಮ ಹೊಲಿಗೆ ಘಟಕದಲ್ಲಿ ಡ್ರಾಯರ್ ಕೆದಕುವಾಗ ಹಳದಿ ಹಿಡಿಯ ಹಳೇ ಟೆಸ್ಟರ್ ಸಿಕ್ಕಿತು. ಅದರ ಜತೆಗೇ ಶಿವಾಜಿನಗರದ ಆ ಮೇಸ್ತ್ರಿ ನೆನಪಾದರು...

ಅಲ್ಲಿನ ಗಾರ್ಮೆಂಟ್ಸ್‌ನಲ್ಲಿ ಅವರು ಮೇಸ್ತ್ರಿ, ನಾನು ಅವರ ಕೈಕೆಳಗಿನ ಸೂಪರ್‌ವೈಸರ್. ಅವರ ಮನೆಮಾತು ದಖನಿ, ಕನ್ನಡ ಅಷ್ಟಕ್ಕಷ್ಟೆ. ಯಾರಾದರೂ ಏನಾದರೂ ಹೇಳಲು ಬಂದರೆ ಮೊದಲು ಮೇಜಿನ ಮೇಲಿನ ಗಡಗಡ ಫ್ಯಾನ್ ಆರಿಸುತ್ತಿದ್ದರು. "ಫಿರ್ ಸೇ ಬೋಲೋ ಅಮ್ಮಾ, ಇನ್ನೊಂದ್ ಸಲ" ಎಂದು ಬೆವರು ಒರೆಸಿಕೊಳ್ಳುತ್ತ ಪೂರ್ತಿ ಕೇಳುತ್ತಿದ್ದರು. ಆಮೇಲೆ ಒಂದು ಮಾತೂ ಇಲ್ಲ. ನನಗೆ ಅದೇ ಅನುಮಾನ. ಇಷ್ಟೆಲ್ಲ ಕೇಳುವ ಮನುಷ್ಯ ಅದನ್ನು ಎಲ್ಲಿಗಾದರೂ ಮುಟ್ಟಿಸದೆ ಇರುತ್ತಾನೆಯೇ? ಅವರು ಓನರ್ ಕೋಣೆಗೆ ಹೋದಾಗಲೆಲ್ಲ ನನ್ನ ಕೆಲಸ ಹೋಯಿತೆಂದೇ ಎಣಿಸುತ್ತಿದ್ದೆ.

ಒಂದು ಮಧ್ಯಾಹ್ನ ಕಲಬುರಗಿ ಕಡೆಯ ಹೆಂಗಸೊಬ್ಬಳು ನನ್ನ ಬಳಿ ಬಂದು, "ಸರ್, ಮಷೀನ್ ಮುಟ್ಟಿದ್ರ ಕೈ ಜುಮ್ ಅಂತದ್ರಿ" ಎಂದಳು. ಬಟ್ಟೆ ಎಣಿಸುತ್ತಿದ್ದ ನನಗೆ ಕೇಳಿಸಿದ್ದು ಜೋಮು. "ಒಂದೇ ಕಡೆ ಕೂತ್ರೆ ಜೋಮು ಹಿಡಿಯುತ್ತಮ್ಮ, ಕೈ ಒದರ್ಕೊಂಡು ಕೂತ್ಕೊ" ಎಂದು ಕಳಿಸಿದೆ.

ಮೇಸ್ತ್ರಿ ಅವಳ ಮುಖ ನೋಡಿರಬೇಕು. ಕರೆದು, ಫ್ಯಾನ್ ಆರಿಸಿ, ಮೂರು ಸಲ ಹೇಳಿಸಿದರು. "ಜೋಮ್ ನೈ, ಜುಮ್?" ಎಂದವರೇ ಮಷೀನಿಗೆ ಟೆಸ್ಟರ್ ಇಟ್ಟರು. ಕೆಂಪು ದೀಪ ಹತ್ತಿತು. ಓಡಿಹೋಗಿ ಮೇನ್ ಆಫ್ ಮಾಡಿದರು. ಮಷೀನಿನ ಮೈಗೆಲ್ಲ ಕರೆಂಟು ಹರಿಯುತ್ತಿತ್ತು. ಆಗ ಜೋಮು ಹಿಡಿದದ್ದು ನನಗೆ.

ಓನರ್ ಮೇಸ್ತ್ರಿಯನ್ನೂ ಆ ಹೆಂಗಸನ್ನೂ ಕೋಣೆಗೆ ಕರೆಸಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಯಾರೂ ಕೇಳದಿದ್ದರೂ ನಾನು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಕುಳಿತೆ. ಹೊರಬಂದ ಮೇಸ್ತ್ರಿ ಟೆಸ್ಟರನ್ನು ನನ್ನ ಕೈಗಿಟ್ಟು ಸುಮ್ಮನೆ ಹೋದರು. ಇದರಲ್ಲೂ ಏನೋ ಮಸಲತ್ತಿದೆ ಎಂದುಕೊಂಡೆ. ಕೆಲವು ತಿಂಗಳು ಅವರ ಕಣ್ಣು ತಪ್ಪಿಸಿ ಓಡಾಡಿ, ಕೊನೆಗೆ ಕೆಲಸವನ್ನೇ ಬಿಟ್ಟೆ.

ವರ್ಷಗಳಾದ ಮೇಲೆ ಆ ಹೆಂಗಸು ಹಲಸೂರಿನ ಬಸ್‌ಸ್ಟಾಪಿನಲ್ಲಿ ಸಿಕ್ಕಳು. ಅಂದು ಕೋಣೆಯಲ್ಲಿ "ಮೊದಲು ಯಾರಿಗೆ ಹೇಳಿದೆ?" ಎಂದು ಓನರ್ ಗದರಿದಾಗ ಇವಳು ಬಾಯಿ ತೆರೆಯುವ ಮುಂಚೆಯೇ ಮೇಸ್ತ್ರಿ, "ನಂಗೇ ಹೇಳಿದ್ದು ಸಾಬ್, ನಾನೇ ಲೇಟಾಗಿ ಕೇಳ್ದೆ" ಎಂದಿದ್ದರಂತೆ. ಅವರು ತೀರಿಕೊಂಡು ಆರು ತಿಂಗಳಾಯಿತು ಎಂದೂ ಅವಳೇ ಹೇಳಿದಳು. ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ...

ಈಗ ಇಲ್ಲಿ ನಾನೇ ಇನ್‌ಚಾರ್ಜ್. ಟೆಸ್ಟರ್ ಸಿಕ್ಕ ದಿನವೇ ಹುಡುಗಿಯೊಬ್ಬಳು ಏನೋ ಹೇಳಲು ಬಂದಳು. ಎದ್ದು ಫ್ಯಾನ್ ಆರಿಸಿ, "ಇನ್ನೊಂದ್ ಸಲ ಹೇಳಮ್ಮ, ನಿಧಾನಕ್ಕೆ" ಎಂದೆ. ಅವಳು ನಿಂತುಹೋದ ಫ್ಯಾನನ್ನೊಮ್ಮೆ, ನನ್ನನ್ನೊಮ್ಮೆ ಅನುಮಾನದಿಂದ ನೋಡಿದಳು.

"ಏನಿಲ್ಲ ಸರ್" ಎಂದು ಹೊರಟುಹೋದಳು.